ತಾತನ ರಸಮಟ್ಟ

ಒದ್ದೆ ಬೆಡ್‌ಶೀಟು ಹಿಂಡುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಮಗನ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ಅವರವರ ಬಲಕ್ಕೆ ತಿರುಚಬೇಕು. ಒಬ್ಬರು ಮೈಮರೆತು ಎಡಕ್ಕೆ ತಿರುಚಿದರೆ ಹಿಂಡಿದ್ದೆಲ್ಲ ಬಿಚ್ಚಿಕೊಂಡು ನೀರು ಕಾಲ ಮೇಲೆ. ಚಿಕ್ಕವನಿದ್ದಾಗ ಅವನು ಬೇಕೆಂದೇ ಎಡಕ್ಕೆ ತಿರುಚಿ, ನನ್ನ ಕಾಲು ತೋಯಿಸಿ, ಕೇಕೆ ಹಾಕುತ್ತಿದ್ದ. ಈಗ ಹನ್ನೊಂದು ತುಂಬಿದೆ. ಕೈಗೆ ಬಲ ಬಂದಿದೆ, ಕೇಕೆ ಕಡಿಮೆಯಾಗಿದೆ.

ಆ ದಿನ ಬೆಳಿಗ್ಗೆ ಹಿತ್ತಲಲ್ಲಿ ಇಬ್ಬರೂ ಶೀಟನ್ನು ಹಗ್ಗದ ಹಾಗೆ ಹುರಿಗೊಳಿಸುತ್ತಿದ್ದೆವು. ನೀರು ತೊಟ್ಟಿಕ್ಕಿ ಮುಗಿಯುತ್ತ ಬಂದಿತ್ತು.

"ಅಮ್ಮ."

"ಹೂಂ."

"ಒಂದ್ ವಿಷ್ಯ ಕೇಳ್ಲಾ?"

"ಕೇಳೋ ಮರಿ, ಅದಕ್ಕೇನು?"

ಅವನು ನನ್ನ ಮುಖ ನೋಡಲಿಲ್ಲ. ನಡುವೆ ತೂಗುತ್ತಿದ್ದ ಶೀಟಿನ ಹುರಿಯನ್ನೇ ನೋಡಿದ. "ಅದು... ಏನಂದ್ರೆ..."

ಮುಂಬಾಗಿಲ ಗಂಟೆ ಬಡಿಯಿತು. ಒಂದು ಸಲ ಅಲ್ಲ, ಬೆರಳು ಒತ್ತಿ ಹಿಡಿದು ತೆಗೆಯುವುದನ್ನೇ ಮರೆತವರ ಹಾಗೆ.

"ಬಂದೇ!" ಎಂದು ಕೂಗಿ, ಅವನ ಕಡೆ ತಿರುಗಿ, "ಹೇಳು, ಗಂಟೆ ಬಡೀತಾ ಇರ್ಲಿ," ಎಂದೆ.

"ಏನಿಲ್ಲ ಬಿಡು," ಎಂದ. ತನ್ನ ತುದಿಯನ್ನು ಬಕೆಟ್ಟಿನ ನೀರಿಗೆ ಇಳಿಬಿಟ್ಟು ಸ್ನಾನಕ್ಕೆ ಹೋದ. ಒಳಗಿನಿಂದ ಬಚ್ಚಲಿನ ಚಿಲಕ ಹಾಕಿದ ಸದ್ದು ಕೇಳಿತು.

ಆ ಚಿಲಕವೇ ನನ್ನ ಚಿಂತೆ. ಸ್ನಾನದ ನಡುವೆ ಟವಲ್ಲು ಮರೆತೆ ಎಂದು ಅರ್ಧ ಮನೆಗೆ ಕೇಳುವ ಹಾಗೆ ಕೂಗುತ್ತಿದ್ದ ಹುಡುಗ ಈಗೀಗ ಟವಲ್ಲು, ಬಟ್ಟೆ ಎಲ್ಲ ಎರಡೆರಡು ಸಲ ಎಣಿಸಿಕೊಂಡು ಒಳಗೆ ಹೋಗುತ್ತಾನೆ. ಅದೇನೋ ಬೆಳೆಯುವ ವಯಸ್ಸು, ಸರಿ. ಆದರೆ ಈಜು? ಶಾಲೆಯವರು ವಾರಕ್ಕೊಮ್ಮೆ ಕೊಳಕ್ಕೆ ಕರೆದುಕೊಂಡು ಹೋಗುತ್ತಾರೆ. ಈಜು ಎಂದರೆ ಅವನಿಗೆ ಪ್ರಾಣ. ಈಗ ಒಂದು ವಾರ ಹೊಟ್ಟೆನೋವು, ಒಂದು ವಾರ ಶೀತ, ಇನ್ನೊಂದು ವಾರ ಚಡ್ಡಿ ಬಿಗಿ. ಹೊಸ ಚಡ್ಡಿ ತಂದುಕೊಟ್ಟೆ. ಅದರ ಚೀಟಿ ಕೂಡ ಕಿತ್ತಿಲ್ಲ. ಈಜಿನ ಚೀಲ ಮೊಳೆಗೆ ನೇತುಬಿದ್ದು ಧೂಳು ತಿನ್ನುತ್ತಿತ್ತು. ಮರುದಿನ ಮತ್ತೆ ಈಜಿನ ದಿನ. ಏನನ್ನೋ ಕೇಳಲು ಬಾಯಿ ತೆರೆದು ಮುಚ್ಚುವುದು ಇದು ಮೊದಲ ಸಲವೂ ಅಲ್ಲ.

ಕೈ ಒರೆಸಿಕೊಂಡು ಬಾಗಿಲು ತೆರೆದೆ. ನರ್ಸಿಂಗ್ ಶಾಲೆಯ ಟೀಚರಮ್ಮ ನಿಂತಿದ್ದರು, ಕಂಕುಳಲ್ಲಿ ನಮ್ಮದೇ ರಟ್ಟಿನ ಪೆಟ್ಟಿಗೆ.

"ಮಾಲು ವಾಪಸ್ಸು ತಂದಿದೀನಮ್ಮ. ಕೋಪ ಮಾಡ್ಕೋಬೇಡಿ. ಉಳಿದಿದ್ದು ಹಿಂದೆ ಟೆಂಪೋದಲ್ಲಿ ಬರ್ತಾ ಇದೆ," ಎಂದರು ನಗುತ್ತ.

ಅವರನ್ನು ಕೆಳಗೆ ಕರೆದುಕೊಂಡು ಹೋದೆ. ಇಳಿಜಾರಿನಲ್ಲಿರುವ ನಮ್ಮ ಮನೆಯ ಕೆಳಗಿನ ಅಂತಸ್ತೇ ನಮ್ಮ ಕಾರ್ಖಾನೆ. ಕಾರ್ಖಾನೆ ಎಂದರೆ ಎರಡು ಉದ್ದ ಮೇಜು, ಅಚ್ಚುಗಳ ಬೀರು, ಪ್ಲಾಸ್ಟರ್ ಚೀಲಗಳು, ಕಿಟಕಿಯ ಬೆಳಕಿಗೆ ನನ್ನ ಬಣ್ಣದ ಮೇಜು, ಅಷ್ಟೆ. ಶಾಲೆಗಳಿಗೆ, ನರ್ಸುಗಳಿಗೆ ಪಾಠ ಹೇಳುವ ಕಡೆಗೆ ಬೇಕಾಗುವ ದೇಹದ ಮಾಡೆಲ್‌ಗಳನ್ನು ಮಾಡುತ್ತೇವೆ. ಕಪಾಟಿನ ತುಂಬ ಹೃದಯ, ಕಿವಿ, ಕಣ್ಣುಗುಡ್ಡೆ. ಹೊಸಬರು ಬೆಚ್ಚುತ್ತಾರೆ, ನಮಗೆ ಅವು ತರಕಾರಿ ಅಂಗಡಿಯ ಬುಟ್ಟಿಗಳಿದ್ದ ಹಾಗೆ. "ಮಳೆ ಬರೋ ಹಾಗಿದೆ ಕಣೇ, ಶ್ವಾಸಕೋಶ ಒಳಗ್ ತಗೋ!" ಎಂದು ನಮ್ಮವರು ಕೂಗಿದರೆ ಬೀದಿಯವರು ಈಗ ತಿರುಗಿಯೂ ನೋಡುವುದಿಲ್ಲ.

ಇದನ್ನೆಲ್ಲ ಶುರುಮಾಡಿದವರು ನಮ್ಮ ಮಾವ. ಅದಕ್ಕೂ ಮೊದಲು ಅವರು ದೊಡ್ಡ ದೊಡ್ಡ ಕಟ್ಟಡಗಳ ಚಾವಣಿಗೆ ಪ್ಲಾಸ್ಟರಿನ ಹೂವು ಮಾಡುತ್ತಿದ್ದರು. ಅವರ ಪದ್ಧತಿ ಹೀಗೆ: ಹೂವಿನ ಒಂದು ಬದಿಯನ್ನು ಜೇಡಿಮಣ್ಣಿನಲ್ಲಿ ಜೀವ ಬರುವ ಹಾಗೆ ತಿದ್ದುವುದು, ಅದರ ಅಂಚನ್ನು ರಟ್ಟಿನ ಮೇಲೆ ಗೀಚಿ ಕತ್ತರಿಸುವುದು, ಆ ರಟ್ಟನ್ನೇ ಮಗುಚಿ ಇನ್ನೊಂದು ಬದಿಗೆ ಇಟ್ಟು ಅದರ ಪ್ರಕಾರ ಉಳಿದರ್ಧ ಮಾಡುವುದು. ಎಡಬಲಕ್ಕೆ ಕೂದಲೆಳೆಯ ವ್ಯತ್ಯಾಸ ಇರಬಾರದು. ಅವರ ಅಂಗಿಯ ಜೇಬಿನಲ್ಲಿ ಸದಾ ಒಂದು ಪುಟ್ಟ ರಸಮಟ್ಟ. ಗಾಜಿನ ನಳಿಗೆಯೊಳಗಿನ ಗುಳ್ಳೆ ನಟ್ಟನಡುವೆ ನಿಂತರೆ ಮಾತ್ರ ಅವರ ಉಸಿರು ಸರಾಗ. ಗೋಡೆಗೆ ಹಾಕಿದ ಪಟ, ಊಟದ ಮೇಜು, ಒಮ್ಮೆ ನಾನು ಚಹಾ ತಂದ ತಟ್ಟೆ, ಯಾವುದನ್ನೂ ಬಿಟ್ಟವರಲ್ಲ. ಮಟ್ಟ ತಪ್ಪಿದ ಮಾಲು ಬಾಗಿಲ ಪಕ್ಕದ ತೊಟ್ಟಿಗೆ. ಅದರ ಹೆಸರು ರದ್ದಿ ತೊಟ್ಟಿ. "ರದ್ದಿ!" ಎಂದು ಮಾವ ಕೂಗುವುದು, ಹಿಂದೆಯೇ ಪ್ಲಾಸ್ಟರ್ ಒಡೆದ ಸದ್ದು, ಇವೆರಡನ್ನೂ ಕೇಳುತ್ತಲೇ ನನ್ನ ಮಗ ತೊಟ್ಟಿಲಲ್ಲಿ ನಿದ್ದೆ ಮಾಡಿದ್ದಾನೆ.

ಟೀಚರಮ್ಮ ಪೆಟ್ಟಿಗೆ ಬಿಚ್ಚಿ ಮಾಡೆಲನ್ನು ಮೇಜಿನ ಮೇಲಿಟ್ಟರು. ಗಂಡಿನ ಜನನಾಂಗಗಳ ಮಾಡೆಲ್, ಎದುರಿನಿಂದ ಕಾಣುವಂಥದ್ದು. ನಮ್ಮವರಿಗೆ ತಕ್ಷಣ ಬೀರುವಿನೊಳಗೆ ಏನೋ ಹುಡುಕುವ ಕೆಲಸ ನೆನಪಾಯಿತು.

"ಯಜಮಾನ್ರೇ, ಬಣ್ಣ ಚೆನ್ನಾಗಿದೆ, ಕೆಲಸ ಚೆನ್ನಾಗಿದೆ. ಆದ್ರೆ ಇಂಥ ಗಂಡಸು ಎಲ್ಲಿ ಸಿಗ್ತಾನೆ ಹೇಳಿ," ಎಂದರು ಟೀಚರಮ್ಮ.

"ಯಾಕೆ? ಏನಾಗಿದೆ ಅದಕ್ಕೆ?" ಮಾವ ಕನ್ನಡಕ ಏರಿಸಿದರು.

"ಎರಡು ವೃಷಣಾನೂ ಒಂದೇ ಮಟ್ಟಕ್ಕೆ ಕೂತಿವೆ, ತಕ್ಕಡಿ ತೂಗಿದ ಹಾಗೆ."

"ಮತ್ತೆ? ಮಟ್ಟ ಇರಬೇಕಲ್ಲ!" ಮಾವ ಜೇಬಿನಿಂದ ರಸಮಟ್ಟ ತೆಗೆದು ಮಾಡೆಲ್‌ಗೆ ಅಡ್ಡಲಾಗಿ ಹಿಡಿದರು. ಗುಳ್ಳೆ ನಡುವೆ ನಿಂತಿತು. "ನೋಡಿ. ಏನ್ ತಪ್ಪು ಹುಡುಕ್ತೀರಿ?"

"ಅದೇ ತಪ್ಪು. ಒಂದು ಸ್ವಲ್ಪ ಕೆಳಗಿರುತ್ತೆ. ಹೆಚ್ಚಿನವರಿಗೆ ಎಡದ್ದು, ಕೆಲವರಿಗೆ ಬಲದ್ದು. ಯಾಕೆ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ನಡೆಯೋವಾಗ ಒಂದಕ್ಕೊಂದು ತಗಲಬಾರದು ಅಂತಲೂ ಇರಬಹುದು. ಗಾತ್ರದಲ್ಲೂ ಚೂರು ಹೆಚ್ಚುಕಮ್ಮಿ. ಅದು ರೋಗ ಅಲ್ಲ, ದೇಹದ ರೀತಿ. ನಮ್ಮ ಹುಡುಗೀರು ನಾಳೆ ಆಸ್ಪತ್ರೇಲಿ ಇದನ್ನ ನೆನಪಿಟ್ಕೊಂಡು ಯಾರಿಗಾದ್ರೂ 'ನಿಮಗೇನೋ ಆಗಿದೆ' ಅಂದ್ಬಿಟ್ರೆ?"

"ನನ್ನ ಕೈಯಿಂದ ಇವತ್ತಿನವರೆಗೂ ಸೊಟ್ಟ ಮಾಲು ಹೊರಗೆ ಹೋಗಿಲ್ಲ," ಎಂದರು ಮಾವ.

"ಹೃದಯ ಮಾಡಿದೀರಲ್ಲ ಯಜಮಾನ್ರೇ, ಅದೇನು ನೆಟ್ಟಗಿದೆಯಾ? ಒಂದು ಕಡೆಗೆ ವಾಲಿಕೊಂಡಿದೆ. ಎಡ ಮೂತ್ರಪಿಂಡ ಬಲದ್ದಕ್ಕಿಂತ ಮೇಲಿದೆ. ಅವೆಲ್ಲ ಸರಿಯಾಗೇ ಮಾಡಿದೀರಿ."

"ಅದು ಡಾಕ್ಟರ ಪುಸ್ತಕ ಮುಂದಿಟ್ಕೊಂಡು ಮಾಡಿದ್ದು."

"ಮತ್ತೆ ಇದನ್ನ?"

ಮಾವ ಗಂಟಲು ಸರಿಮಾಡಿಕೊಂಡರು. "ಇದಕ್ಕೆ ಪುಸ್ತಕ ಯಾಕೆ ಅಂದ್ಕೊಂಡೆ. ನಾನೇ ಗಂಡಸಲ್ವಾ!"

ಟೀಚರಮ್ಮ ನಗು ತಡೆಯಲಾರದೆ ಸ್ಟೂಲಿನ ಮೇಲೆ ಕುಳಿತುಬಿಟ್ಟರು. "ಮನೇಲಿ ಇಷ್ಟು ಜನ ಗಂಡಸರಿದೀರಿ, ಒಬ್ಬರಿಗೂ ಅನುಮಾನ ಬರಲಿಲ್ವಾ?"

ಬೀರುವಿನೊಳಗಿಂದ ನಮ್ಮವರು, "ನಾನು ಅಪ್ಪ ಮಾಡಿದ್ದು ಸರೀನೇ ಇರುತ್ತೆ ಅಂತ..." ಎಂದು ಗೊಣಗಿದರು.

ನಾನೂ ನಗುತ್ತಿದ್ದೆ. ನಗುತ್ತಿದ್ದಂತೆಯೇ ಒಂದು ವಿಷಯ ಹೊಳೆಯಿತು. ಮನೆಯಲ್ಲಿ ಇನ್ನೊಬ್ಬ ಗಂಡಸಿದ್ದ. ಅವನಿಗೆ ಅನುಮಾನ ಬಂದಿತ್ತು. ಆದರೆ ಮಾಡೆಲ್ ಮೇಲಲ್ಲ.

ಮೊನ್ನೆ ಅವನ ಕೋಣೆ ಗುಡಿಸಲು ಹೋದಾಗ ಮೇಜಿನ ಮೇಲೆ ಇದೇ ಅಚ್ಚಿನ ಇನ್ನೊಂದು ಮಾಡೆಲ್ ಇತ್ತು, ಅದರ ಮೇಲೆ ಅಡ್ಡಲಾಗಿ ಮಾವನ ರಸಮಟ್ಟ. ತಾತನ ಆಟ ಮೊಮ್ಮಗ ಆಡುತ್ತಿದ್ದಾನೆ ಎಂದುಕೊಂಡು ಎರಡನ್ನೂ ಕೆಳಗೆ ತಂದಿಟ್ಟಿದ್ದೆ. ಅದಕ್ಕೂ ಮುಂಚೆ ಒಂದು ಸಂಜೆ ಹಾಲು ಕುಡಿಯುತ್ತ ಕೂತವನು ಇದ್ದಕ್ಕಿದ್ದಂತೆ ಕೇಳಿದ್ದ: "ತಾತ, ರದ್ದಿ ಮಾಲನ್ನ ಆಮೇಲೆ ಸರಿಮಾಡಕ್ಕಾಗಲ್ವಾ?"

"ಅಚ್ಚಲ್ಲೇ ಸೊಟ್ಟ ಬಂದ್ಮೇಲೆ ಮುಗೀತು ಕಣೋ ಗುಬ್ಬಿ," ಎಂದಿದ್ದರು ಮಾವ, ತಮಾಷೆಗೆ. "ಯಾವ ಡಾಕ್ಟ್ರು ಬಂದ್ರೂ ಆಗಲ್ಲ!"

ಗುಬ್ಬಿ ಅರ್ಧ ಲೋಟ ಹಾಲು ಬಿಟ್ಟು ಎದ್ದಿದ್ದ. ಹಾಲು ಸೇರದ ದಿನ ಎಂದುಕೊಂಡು ಅದನ್ನು ನಾನೇ ಕುಡಿದಿದ್ದೆ.

ಟೀಚರಮ್ಮ ಹೊರಟ ಮೇಲೆ, ಮಗ ಶಾಲೆಗೆ ಹೋಗಿದ್ದಾನೆ ಎಂದು ಖಾತ್ರಿಮಾಡಿಕೊಂಡು, ಮಾವ, ನಮ್ಮವರು ಇಬ್ಬರನ್ನೂ ಕೂರಿಸಿ ಹೇಳಿದೆ. ಚಿಲಕ, ಈಜಿನ ಚೀಲ, ರಸಮಟ್ಟ, ಅರ್ಧ ಲೋಟ ಹಾಲು, ಎಲ್ಲ.

"ನಮ್ಮ ಗುಬ್ಬಿ ತನ್ನನ್ನ ಈ ಮಾಡೆಲ್ ಜೊತೆ ಹೋಲಿಸ್ಕೊಂಡಿದಾನೆ. ತಾನು ರದ್ದಿ ಅಂತ ತೀರ್ಮಾನ ಮಾಡ್ಕೊಂಡಿದಾನೆ."

ಮಾವ ಮೆಲ್ಲನೆ ಪ್ಲಾಸ್ಟರ್ ಚೀಲದ ಮೇಲೆ ಕುಳಿತರು. ರಸಮಟ್ಟವನ್ನು ಅಂಗೈಯಲ್ಲಿ ಆಚೀಚೆ ಹೊರಳಿಸಿದರು. ಗುಳ್ಳೆ ಅತ್ತ ಓಡಿತು, ಇತ್ತ ಓಡಿತು.

"ಆ ಮಗು ಮುಂದೆ ಎಂಥ ಮಾತಂದೆ ನಾನು. ಬರ್ಲಿ ಅವನು. ನಾನೇ ಹೇಳ್ತೀನಿ," ಎಂದರು.

"ನೀವ್ ಬೇಡಪ್ಪ, ನಾನ್ ಹೇಳ್ತೀನಿ," ಎಂದರು ನಮ್ಮವರು. ಒಂದು ಗಳಿಗೆ ಬಿಟ್ಟು, "ಏನಂತ ಶುರುಮಾಡ್ಲಿ ಕಣೇ?" ಎಂದು ನನ್ನ ಕಡೆ ತಿರುಗಿದರು. ಹೇಳುವ ಮೊದಲೇ ಅವರ ಕಿವಿ ಕೆಂಪಾಗಿತ್ತು.

"ಇಬ್ಬರೂ ಬೇಡ," ಎಂದೆ. "ನಾವಾಗೇ ಹೋಗಿ ಹೇಳಿದ್ರೆ, ತನ್ನ ಗುಟ್ಟು ಮನೆಮಂದಿಗೆಲ್ಲ ಗೊತ್ತಾಗಿದೆ ಅಂತ ಕುಗ್ಗಿಹೋಗ್ತಾನೆ. ಅವನು ಬೆಳಿಗ್ಗೆ ಕೇಳಕ್ಕೆ ಬಂದಿದ್ದ, ಮಾವ. ಅರ್ಧ ಬಾಯಿ ತೆಗೆದಿದ್ದ. ಇದೊಂದನ್ನ ನುಂಗಿಕೊಂಡು ಅಭ್ಯಾಸ ಆದ್ರೆ ಮುಂದಿನದ್ದೂ ನುಂಗ್ತಾನೆ. ಧ್ವನಿ ಒಡೆಯೋದು, ಮೀಸೆ ಬರೋದು, ಇನ್ನೂ ಎಷ್ಟೆಲ್ಲ ಇದೆ ಅವನ ಮುಂದೆ."

"ಹಾಗಂತ ಸುಮ್ನೆ ಬಿಡಕ್ಕಾಗುತ್ತೇನಮ್ಮ? ಮಗು ಒಳಗೊಳಗೇ ಬೇಯ್ತಾ ಇದೆ."

"ಬಿಡಲ್ಲ. ಬೆಳಿಗ್ಗೆ ಒಗೆದ ಶೀಟು ಒಣಗೋವರೆಗೆ ನೋಡೋಣ. ಮಡಚಕ್ಕೆ ಅವನನ್ನೇ ಕರೀತೀನಿ. ಅಷ್ಟರಲ್ಲಿ ಕೇಳದೆ ಇದ್ರೆ ನಾನೇ ಹೇಳ್ತೀನಿ."

ಮಾವ ತಲೆಯಾಡಿಸಿದರು. ಎದ್ದು ಬೀರುವಿನಿಂದ ಡಾಕ್ಟರ ಪುಸ್ತಕ ತೆಗೆದರು, ಧೂಳು ಕೊಡವಿದರು, ಹಾಳೆ ಹುಡುಕಿ ಮುಂದಿಟ್ಟುಕೊಂಡರು. ಒಂದು ಮುದ್ದೆ ಜೇಡಿಮಣ್ಣು ನಾದಲು ಶುರುಮಾಡಿದರು. ರಟ್ಟು, ಕತ್ತರಿ ಎರಡನ್ನೂ ಮುಟ್ಟಲಿಲ್ಲ.

ನಾನು ಮೇಲೆ ಹೋಗಿ ಬಕೆಟ್ಟಿನಲ್ಲಿ ಬಿದ್ದಿದ್ದ ಶೀಟನ್ನು ಒಬ್ಬಳೇ ಹಿಂಡಿ ಹರವಿದೆ. ಒಬ್ಬಳೇ ಹಿಂಡಿದ್ದಕ್ಕೆ ನೀರು ಅರ್ಧ ಅದರಲ್ಲೇ ಉಳಿಯಿತು. ಬಿಸಿಲು ಚೆನ್ನಾಗಿತ್ತು. ಆದರೂ ಅಡುಗೆ ಮಾಡುವಾಗ, ಪಾತ್ರೆ ತೊಳೆಯುವಾಗ ಎರಡು ಮೂರು ಸಲ ಹಿತ್ತಲಿಗೆ ಹೋಗಿ ಅಂಚು ಮುಟ್ಟಿ ನೋಡಿ ಬಂದೆ. ಬೇಗ ಒಣಗಲಿ ಎಂದೋ, ನಿಧಾನಕ್ಕೆ ಒಣಗಲಿ ಎಂದೋ, ನನಗೇ ತಿಳಿಯಲಿಲ್ಲ.

ಮಧ್ಯಾಹ್ನ ಶಾಲೆಯಿಂದ ಬಂದವನು ಕೈಕಾಲು ತೊಳೆದು, ಬ್ರೆಡ್ಡು ಮೊಟ್ಟೆ ತಿಂದು, ಎಂದಿನ ಹಾಗೆ ಕೆಳಗೆ ಇಳಿದುಬಂದ. ಮಾಡೆಲ್‌ಗಳಿಗೆ ನಂಬರಿನ ಚೀಟಿ ಅಂಟಿಸುವುದು ಅವನ ಕೆಲಸ. ನಾನು ಬಣ್ಣ ಹಚ್ಚುತ್ತಿದ್ದದ್ದು ಗಂಡಿನ ಮಾಡೆಲ್‌ನದ್ದೇ ಇನ್ನೊಂದು ಬಗೆ, ದೇಹವನ್ನು ನಡುವೆ ಸೀಳಿ ಪಕ್ಕದಿಂದ ನೋಡಿದಂಥದ್ದು. ಅದರಲ್ಲಿ ಕಾಣುವುದು ಒಂದೇ ಬದಿ. ಮಾವ ಅತ್ತ ಮೂಲೆಯಲ್ಲಿ ನಮಗೆ ಬೆನ್ನು ಹಾಕಿ ಕುಳಿತು, ಮಾಡುತ್ತಿದ್ದುದನ್ನು ಮೈಯಿಂದ ಮರೆಮಾಡಿಕೊಂಡಿದ್ದರು.

ಮಗ ಸ್ಟೂಲು ಎಳೆದುಕೊಂಡು ಕುಳಿತ. ಬಣ್ಣ ಹಚ್ಚುವಾಗ ದಾರಿ ಹೇಳುತ್ತ ಹೋಗುವುದು ನನ್ನ ರೂಢಿ. ಕಿವಿಯಾದರೆ ಸದ್ದು ಹೋಗುವ ದಾರಿ, ಮೂತ್ರಪಿಂಡವಾದರೆ ನೀರು ಸೋಸುವ ದಾರಿ. ಈ ದಿನವೂ ಹಾಗೇ ಶುರುಮಾಡಿದೆ.

"ಇದು ವೃಷಣ. ವೀರ್ಯಾಣು ತಯಾರಾಗೋದು ಇಲ್ಲಿ. ಗಂಡಸಿನ ದನಿ, ಮೀಸೆ, ಮೈಕಟ್ಟು ಬರಿಸೋ ಹಾರ್ಮೋನೂ ಇಲ್ಲೇ. ಕೊಡು ಒಂದನೇ ನಂಬರು. ಇದರ ಬೆನ್ನಿಗೆ ಅಂಟಿಕೊಂಡು ಸುರುಳಿ ಸುತ್ತಿದೆಯಲ್ಲ, ಈ ನಾಳವನ್ನ ಬಿಚ್ಚಿ ಎಳೆದರೆ ನಮ್ಮ ಈ ಕೋಣೆ ಉದ್ದಕ್ಕೆ ಬರುತ್ತೆ."

"ಸುಳ್ಳು!"

"ನಿನ್ನಾಣೆ. ವೀರ್ಯಾಣು ಹುಟ್ಟುವಾಗ ಈಜು ಬರಲ್ಲ. ಈ ಸುರುಳಿಯೊಳಗೆ ನಿಧಾನಕ್ಕೆ ಸಾಗ್ತಾ ಸಾಗ್ತಾ ಕಲಿಯುತ್ತೆ."

ಈಜು ಎಂದ ಕೂಡಲೇ ಅವನು ಚೀಟಿಯ ಹಾಳೆಯನ್ನು ತಿರುವಿಹಾಕಿದ. ನಾನು ಕುಂಚ ಅದ್ದಿಕೊಂಡೆ.

"ಅಮ್ಮ, ಹೃದಯ ಎದೆಗೂಡೊಳಗಿದೆ. ಮಿದುಳು ತಲೆಬುರುಡೆಯೊಳಗಿದೆ. ಇದನ್ನ ಯಾಕೆ ಪಾಪ ಹೊರಗ್ ಬಿಟ್ಟಿದಾರೆ?"

"ಒಳಗೆ ಸೆಖೆ. ಮೈಯೊಳಗಿನ ಬಿಸಿಗೆ ವೀರ್ಯಾಣು ಸರಿಯಾಗಿ ತಯಾರಾಗಲ್ಲ. ಸ್ವಲ್ಪ ತಂಪು ಬೇಕು. ಅದಕ್ಕೇ ಹೊರಗೊಂದು ಚೀಲ. ಚಳಿ ಆದ್ರೆ ಚೀಲ ಮುದುಡಿ ಮೈ ಹತ್ತಿರ ಎಳ್ಕೊಳ್ಳುತ್ತೆ, ಸೆಖೆ ಆದ್ರೆ ಸಡಿಲವಾಗಿ ಇಳಿಬೀಳುತ್ತೆ. ಯಾರೂ ಹೇಳಬೇಕಾಗಿಲ್ಲ, ತಾನೇ ನೋಡ್ಕೊಳ್ಳುತ್ತೆ."

"ಕಿಟಕಿ ಮುಚ್ಚಿ ತೆಗೆದ ಹಾಗೆ."

"ಹಾಗೇ ಅನ್ನು."

ಅವನು ನಕ್ಕ. ಮೂಲೆಯಲ್ಲಿ ಮಾವನ ಬೆನ್ನೂ ಸ್ವಲ್ಪ ಅಲುಗಿತು.

"ಇದು ವೀರ್ಯನಾಳ. ನೋಡು, ನೇರ ಹತ್ತಿರದ ದಾರಿ ಬಿಟ್ಟು ಮೇಲಕ್ಕೆ ಹತ್ತಿ, ಮೂತ್ರಕೋಶವನ್ನ ಬಳಸಿ, ಹಿಂದಿನಿಂದ ಇಳಿದು ಬರುತ್ತೆ. ನಿಮ್ಮಪ್ಪ ಪೇಟೆಗೆ ಹೋದ ಹಾಗೆ." ಬಾಗಿಲಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದ ನಮ್ಮವರು, "ಹತ್ತಿರದ ದಾರೀಲಿ ಗಾಡಿ ಜಾಸ್ತಿ ಕಣೇ," ಎಂದರು. ನಾನು ಮುಂದುವರಿಸಿದೆ: "ಇಲ್ಲಿ ವೀರ್ಯಕೋಶ, ಅದರ ಕೆಳಗೆ ಪ್ರಾಸ್ಟೇಟ್ ಗ್ರಂಥಿ. ಇವೆರಡೂ ಸೇರಿ ದ್ರವ ಕೊಡ್ತವೆ, ದಾರಿಗೆ ಬುತ್ತಿ ಕಟ್ಟಿಕೊಟ್ಟ ಹಾಗೆ. ಆಮೇಲೆ ಮೂತ್ರನಾಳ, ಶಿಶ್ನದ ಮೂಲಕ ಹೊರಗೆ."

"ಮೂತ್ರಾನೂ ಅದರಲ್ಲೇ, ಇದೂ ಅದರಲ್ಲೇನಾ? ಬೆರೆತುಹೋಗಲ್ವಾ?"

"ಇಲ್ಲ. ಇದು ಬರುವಾಗ ಮೂತ್ರಕೋಶದ ಬಾಯಿ ಬಿಗಿಯಾಗಿ ಮುಚ್ಕೊಳ್ಳುತ್ತೆ."

"ಓಹೋ." ಇನ್ನೊಂದು ಚೀಟಿ ಅಂಟಿಸಿದ. "ತಾತನಿಗೆ ಆಪರೇಷನ್ ಆಗಿದ್ದು ಈ ಪ್ರಾಸ್ಟೇಟಾ?"

"ಹೌದು ಕಣೋ, ಅದೇ," ಎಂದರು ಮಾವ, ತಿರುಗದೆಯೇ. "ವಯಸ್ಸಾದ್ಮೇಲೆ ಉಬ್ಬಿಕೊಂಡು ನಲ್ಲೀನ ಅದುಮಿಬಿಡ್ತು. ಡಾಕ್ಟ್ರು ಕೆತ್ತಿ ತೆಗೆದ್ರು. ನನಗಿಂತ ಚೆನ್ನಾಗಿ ಕೆತ್ತಿದಾರೆ."

ಹೀಗೆ ಅವನು ಸುತ್ತಮುತ್ತಲಿನದ್ದೆಲ್ಲ ಕೇಳಿದ. ಪ್ರಶ್ನೆಯೂ ವೀರ್ಯನಾಳದ ಹಾಗೇ ಎಲ್ಲೆಲ್ಲೋ ಬಳಸಿಕೊಂಡು ಬರುತ್ತಿತ್ತು. ಕೊನೆಯ ಚೀಟಿ ಅಂಟಿಸುವಾಗ ಅವನ ಬೆರಳು ತಡೆಯಿತು. ತುಟಿ ಬಿಚ್ಚಿತು. ನಾನು ಕುಂಚ ತೊಳೆಯುತ್ತ ಕಾದೆ.

"ಈ ಮಾಡೆಲ್‌ನಲ್ಲಿ..." ಎಂದ.

"ಹೂಂ?"

"...ಹಳದಿ ಚೆನ್ನಾಗಿ ಬಂದಿದೆ."

"ಬಂದಿದೆ ಅಲ್ವಾ," ಎಂದೆ. ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ಹಿತ್ತಲಲ್ಲಿ ಶೀಟು ಗಾಳಿಗೆ ಪಟಪಟ ಎನ್ನುತ್ತಿತ್ತು. ಒದ್ದೆ ಶೀಟು ಹಾಗೆ ಸದ್ದು ಮಾಡುವುದಿಲ್ಲ. ಎದ್ದೆ. "ಶೀಟು ಒಣಗಿದೆ ಅನ್ಸುತ್ತೆ. ಕೈ ತೊಳ್ಕೊಂಡು ಬಾ, ಮಡಚೋಣ."

ನಾನು ಮೆಟ್ಟಿಲು ಹತ್ತುತ್ತಿದ್ದಾಗ ಹಿಂದಿನಿಂದ ಮಾವನ ದನಿ ಬಂತು. "ರದ್ದಿ!"

ಯಾವತ್ತಿನ ದನಿ ಅಲ್ಲ ಅದು. ಕಹಿ ಗುಳಿಗೆ ನುಂಗಿದವರ ದನಿ. ಹಿಂದೆಯೇ ಪ್ಲಾಸ್ಟರ್ ಒಡೆದ ಸದ್ದು. ಮೆಟ್ಟಿಲ ಮೇಲೆಯೇ ನಿಂತೆ.

"ತಾತ! ಇದು ಗಂಡಿನ ಮಾಡೆಲ್ ಅಲ್ವಾ? ಯಾಕ್ ಹಾಕಿದ್ರಿ ತೊಟ್ಟಿಗೆ?" ಮಗನ ಗಾಬರಿಯ ದನಿ.

"ಹಾಕಬೇಕಿತ್ತು, ಹಾಕ್ದೆ."

"ನೀವೇ ಮಾಡಿದ್ದಲ್ವಾ? ಎರಡು ಕಡೆಯೂ ಸರಿಯಾಗಿತ್ತು ತಾತ. ನಾನ್ ನೋಡಿದೀನಿ. ಗುಳ್ಳೆ ನಡೂಮಧ್ಯ ನಿಂತಿತ್ತು."

"ನಿಂತಿತ್ತು ಕಣೋ ಗುಬ್ಬಿ. ಅದೇ ತಪ್ಪು." ಮಾವ ಇನ್ನೊಂದನ್ನು ಎತ್ತಿಹಾಕಿರಬೇಕು. ಮತ್ತೆ ಸದ್ದು. "ನಿಮ್ಮ ತಾತನ ರಸಮಟ್ಟ ಚಾವಣಿ ಹೂವಿಗೆ ಸರಿ. ಎಲ್ಲಾದಕ್ಕೂ ಹಿಡೀಬಾರದು."

"ಅಂದ್ರೆ?"

ಮಾವ ಬಾಯಿ ತೆರೆದಿರಬೇಕು; ನನಗೆ ಕೊಟ್ಟ ಮಾತು ನೆನಪಾಗಿರಬೇಕು. "ಅಂದ್ರೆ... ಹೋಗು, ನಿಮ್ಮಮ್ಮ ಕರೀತಾ ಇದಾಳೆ. ಏನಿದ್ರೂ ಅವಳನ್ನ ಕೇಳು. ನಾನೂ ಇದನ್ನ ಮೊದಲೇ ಯಾರನ್ನಾದ್ರೂ ಕೇಳಿದ್ದಿದ್ರೆ ಈ ಮುದುಕನಿಗೂ ಇಷ್ಟು ಮಾಲು ಒಡೆಯೋ ಕೆಲಸ ತಪ್ಪೋದು."

ನಾನು ಸರಸರ ಮೆಟ್ಟಿಲು ಹತ್ತಿ, ಆಗಿನಿಂದಲೂ ಅಲ್ಲೇ ಇದ್ದವಳ ಹಾಗೆ ಹಿತ್ತಲಿನ ತಂತಿಯ ಮುಂದೆ ನಿಂತು ಕ್ಲಿಪ್ಪು ಕೀಳತೊಡಗಿದೆ.

ಅವನು ಬಂದ. ಕೈ ತೊಳೆದುಕೊಂಡಿದ್ದ, ಒರೆಸಿಕೊಂಡಿರಲಿಲ್ಲ. ಕೂದಲ ಮೇಲೆ ಪ್ಲಾಸ್ಟರಿನ ಬಿಳಿ ಪುಡಿ ಕೂತಿತ್ತು. ಮಾತಾಡದೆ ತನ್ನ ಕಡೆಯ ಎರಡು ಮೂಲೆ ಹಿಡಿದುಕೊಂಡ. ನಾನು ಈ ಕಡೆಯ ಎರಡು ಮೂಲೆ ಹಿಡಿದೆ. ಒಮ್ಮೆ ಬೀಸಿ ಕೊಡವಿದೆವು. ಬಿಸಿಲಿನ ವಾಸನೆ ಬಂತು.

ಶೀಟು ಮಡಚುವಾಗ ನಮ್ಮದೊಂದು ಕ್ರಮವಿದೆ. ಇಬ್ಬರೂ ಕೈ ಮೇಲಕ್ಕೆತ್ತಿ ಹಿಡಿದು ಒಬ್ಬರ ಕಡೆಗೊಬ್ಬರು ನಡೆಯಬೇಕು, ಮೂಲೆಗೆ ಮೂಲೆ ಕೂಡಿಸಬೇಕು. ಮೂಲೆಗಳು ಸರಿಯಾಗಿ ಕೂಡಬೇಕು ಎಂದು ಮಾವನ ಹಟ. ಈ ಶೀಟಿನ ಮೂಲೆಗಳು ಯಾವತ್ತೂ ಕೂಡಿದ್ದಿಲ್ಲ. ಹೊಲಿದವನೇ ಒಂದು ಕಡೆ ಚೂರು ಉದ್ದ ಬಿಟ್ಟಿದ್ದಾನೆ. ಆದರೂ ನಾವು ಅದರ ಮೇಲೆ ಚೆನ್ನಾಗಿಯೇ ನಿದ್ದೆ ಮಾಡುತ್ತೇವೆ.

ಅವನು ಕೈ ಎತ್ತಿದ. ಶೀಟು ನಮ್ಮಿಬ್ಬರ ನಡುವೆ ಪರದೆಯ ಹಾಗೆ ಇಳಿಬಿತ್ತು. ಈಗ ಅವನಲ್ಲಿ ನನಗೆ ಕಾಣುತ್ತಿದ್ದದ್ದು ಮೇಲೆ ಒದ್ದೆ ಬೆರಳುಗಳು, ಕೆಳಗೆ ಎರಡು ಬರಿಗಾಲು, ಅಷ್ಟೇ. ಬಿಸಿಲು ಅವನ ಹಿಂದೆ ಇದ್ದುದರಿಂದ ಬಟ್ಟೆಯ ಮೇಲೆ ಅವನ ನೆರಳು ಬಿದ್ದಿತ್ತು. ಕಳೆದ ಸಲ ಇದೇ ಶೀಟು ಮಡಚಿದಾಗ ಆ ನೆರಳು ಇಷ್ಟು ಎತ್ತರ ಇರಲಿಲ್ಲ ಅನ್ನಿಸಿತು.

ನಾನು ಒಂದು ಹೆಜ್ಜೆ ಇಟ್ಟೆ. ಅವನು ಇಡಲಿಲ್ಲ.

"ಅಮ್ಮ."

"ಇಲ್ಲೇ ಇದೀನಿ."

"ನೀನು ಆ ಕಡೇನೇ ಇರು. ಈ ಕಡೆ ನೋಡಬೇಡ."

"ನೋಡಲ್ಲ ಕಂದ."

ಪಕ್ಕದ ಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದರು, ನಿಲ್ಲಿಸಿದರು. ಕೆಳಗೆ ಮಾವ ಮಣ್ಣು ತಟ್ಟುತ್ತಿದ್ದ ಮೆತ್ತನೆಯ ಸದ್ದು ಕೇಳುತ್ತಿತ್ತು. ನನ್ನ ತೋಳು ನೋಯುತ್ತಿತ್ತು; ಇಳಿಸಲಿಲ್ಲ. ಅವನಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಆ ಶೀಟನ್ನು ಹಾಗೇ ಎತ್ತಿ ಹಿಡಿದು ನಿಲ್ಲಲು ನಾನು ತಯಾರಿದ್ದೆ.

ಶೀಟಿನ ಆ ಕಡೆಯಿಂದ ಒಂದು ದೀರ್ಘ ಉಸಿರು ಕೇಳಿತು. ಆಮೇಲೆ ಅವನ ದನಿ ಬಂತು, ಮೊದಲು ಸಣ್ಣಗೆ, ಕೊನೆಕೊನೆಗೆ ಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ:

"ಅಮ್ಮ, ತಾತನ ಮಾಡೆಲ್‌ನಲ್ಲಿ ಎರಡೂ ಒಂದೇ ಮಟ್ಟಕ್ಕಿತ್ತಲ್ಲ, ನಂದು ಹಾಗಿಲ್ಲ. ಹಾಗಾದ್ರೆ ರದ್ದಿ ಯಾವುದು, ಅದಾ ನಾನಾ?"